ಒಂದು ಕಿಲೋ ಎಣ್ಣೆ ಲೀಟರ್ ಬಾಟಲಿಯಲ್ಲಿ ಯಾಕೆ ಹಿಡಿಸುವುದಿಲ್ಲ?

ಪ್ರಶ್ನೆ: ನಮ್ಮೂರ ಗಾಣದಲ್ಲಿ ಕಡಲೆಕಾಯಿ ಎಣ್ಣೆಯನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಕಿಲೋ ತಂದು ಲೀಟರ್ ಬಾಟಲಿಗೆ ಸುರಿದರೆ ಕುತ್ತಿಗೆವರೆಗೂ ತುಂಬಿ ಇನ್ನೂ ಒಂದು ಸೌಟಿನಷ್ಟು ಉಳಿಯಿತು. ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಎಂದಿದೆ. ಹಾಗಾದರೆ ಪ್ಯಾಕೆಟ್‌ನವರು 90 ಗ್ರಾಂ ಹೊಡೆಯುತ್ತಿದ್ದಾರೆಯೇ? ಮನೆಯಲ್ಲಿ ಗೃಹಪ್ರವೇಶ ಇದೆ. 15 ಕಿಲೋ ಟಿನ್ನಿಗೆ 2,250 ರೂಪಾಯಿ, 15 ಲೀಟರ್ ಟಿನ್ನಿಗೆ 2,100 ರೂಪಾಯಿ ಹೇಳಿದ್ದಾರೆ. ಯಾವುದು ಲಾಭ? ಇನ್ನೊಂದು: ಉಪ್ಪಿನಕಾಯಿಗೆ ‘250 ಗ್ರಾಂ ಒಳ್ಳೆಣ್ಣೆ’, ಅಂದರೆ ಎಳ್ಳೆಣ್ಣೆ, ಎಂದು ಬರೆದಿರುತ್ತಾರೆ. ಅದನ್ನು ಮನೆಯಲ್ಲಿ ಅಳೆಯುವುದು ಹೇಗೆ?

ಉತ್ತರ: ಗಾಣದವರು ಹೆಚ್ಚು ಕೊಟ್ಟಿಲ್ಲ, ಪ್ಯಾಕೆಟ್‌ನವರು ಕಡಿಮೆ ಕೊಟ್ಟಿಲ್ಲ. ಕಿಲೋ ತೂಕದ ಲೆಕ್ಕ, ಲೀಟರ್ ಜಾಗದ ಲೆಕ್ಕ. ನೀರಿನಲ್ಲಿ ಮಾತ್ರ ಇವೆರಡೂ ಸರಿಸುಮಾರು ಒಂದೇ ಆಗುವುದರಿಂದ ಎಲ್ಲ ದ್ರವಕ್ಕೂ ಹಾಗೇ ಎಂದು ನಮಗೆ ರೂಢಿಯಾಗಿಬಿಟ್ಟಿದೆ. ಒಂದು ಲೀಟರ್ ಹಾಲು ಒಂದು ಕಿಲೋ ಮೇಲೆ ಸುಮಾರು 30 ಗ್ರಾಂ ತೂಗುತ್ತದೆ, ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ತಿರುಗಿಸಿ ಹೇಳಿದರೆ ಒಂದು ಕಿಲೋ ಎಣ್ಣೆಗೆ ಹತ್ತಿರ ಹತ್ತಿರ 1,100 ಮಿ.ಲೀ. ಜಾಗ ಬೇಕು. ನಿಮ್ಮ ಬಾಟಲಿಯ ಹೊರಗೆ ಉಳಿದ ಸೌಟು ಎಣ್ಣೆ ಅದೇ.

ಎಣ್ಣೆ ಮಂದವಾಗಿರುವುದರಿಂದ ಭಾರ ಇರಬೇಕು ಎಂದು ಅನೇಕರು ತಿಳಿದಿರುತ್ತಾರೆ. ಮಂದಕ್ಕೂ ಭಾರಕ್ಕೂ ಸಂಬಂಧವಿಲ್ಲ. ಹರಳೆಣ್ಣೆ ಪಾಕದಂತೆ ನಿಧಾನವಾಗಿ ಇಳಿಯುತ್ತದೆ, ಆದರೂ ನೀರಿಗಿಂತ ಹಗುರ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದನ್ನು ದಿನಾ ನೋಡುತ್ತೇವೆ, ಅಂಗಡಿಗೆ ಹೋದಾಗ ಮಾತ್ರ ಅದು ಮರೆತುಹೋಗುತ್ತದೆ.

ಯಾವ ಎಣ್ಣೆಗೆ ಎಷ್ಟು

ನಮ್ಮ ಕಡೆಯ ಸಾಮಾನ್ಯ ಹವೆಯಲ್ಲಿ, ಅಂದರೆ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಲೀಟರ್ ಕಡಲೆಕಾಯಿ ಎಣ್ಣೆ, ಉತ್ತರ ಕರ್ನಾಟಕದವರ ಶೇಂಗಾ ಎಣ್ಣೆ, ಹತ್ತಿರ ಹತ್ತಿರ 910 ಗ್ರಾಂ. ಸೂರ್ಯಕಾಂತಿ, ಸೋಯಾ, ಎಳ್ಳೆಣ್ಣೆ ಮೂರೂ 913ರ ಆಸುಪಾಸು. ಕುಸುಬೆ ಎಣ್ಣೆ 916ರವರೆಗೆ ಹೋಗುತ್ತದೆ, ಕರಗಿದ ಕೊಬ್ಬರಿ ಎಣ್ಣೆ 915. ತೌಡಿನೆಣ್ಣೆ, ಪಾಮೋಲಿನ್ ಎರಡೂ 910ರ ಹತ್ತಿರ. ಸಾಸಿವೆ ಎಣ್ಣೆ, ಕರಗಿದ ತುಪ್ಪ 905ರ ಸುತ್ತಮುತ್ತ. ಅಡುಗೆಗೆ ಬಳಸುವ ಎಣ್ಣೆಗಳಲ್ಲಿ ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ ಇರುವ ಅಂತರ ಲೀಟರಿಗೆ ಹತ್ತು ಹನ್ನೊಂದು ಗ್ರಾಂ ಮಾತ್ರ. ಬೆಳೆ, ತಳಿ, ಶುದ್ಧೀಕರಣದ ಮೇಲೆ ಒಂದೇ ಜಾತಿಯ ಎಣ್ಣೆಯಲ್ಲೂ ನಾಲ್ಕೈದು ಗ್ರಾಂ ಆಚೀಚೆ ಆಗುತ್ತದೆ. ಹಾಗಾಗಿ ಮನೆಯ ಲೆಕ್ಕಕ್ಕೆ ಎಣ್ಣೆಗೊಂದು ಅಂಕಿ ಬಾಯಿಪಾಠ ಮಾಡಬೇಕಾಗಿಲ್ಲ. 0.91 ಒಂದು ಸಾಕು. ಹರಳೆಣ್ಣೆ ಮಾತ್ರ ಈ ಗುಂಪಿಗೆ ಸೇರುವುದಿಲ್ಲ, ಅದು ಲೀಟರಿಗೆ 950 ದಾಟುತ್ತದೆ.

ಲೀಟರ್ ಗೊತ್ತಿದ್ದು ಕಿಲೋ ಬೇಕಾದರೆ 0.91ರಿಂದ ಗುಣಿಸಿ. ಕಿಲೋ ಗೊತ್ತಿದ್ದು ಲೀಟರ್ ಬೇಕಾದರೆ 0.91ರಿಂದ ಭಾಗಿಸಿ. 5 ಲೀಟರ್ ಕ್ಯಾನ್ ಅಂದರೆ 4.55 ಕಿಲೋ. 5 ಕಿಲೋ ಅಂದರೆ 5.49 ಲೀಟರ್. ಬಾಯಿಲೆಕ್ಕದಲ್ಲಿ ಮಾಡುವವರಿಗೆ: ಲೀಟರಿನಿಂದ ಕಿಲೋಗೆ ನೂರಕ್ಕೆ ಒಂಬತ್ತು ಕಳೆಯಿರಿ, ಕಿಲೋದಿಂದ ಲೀಟರಿಗೆ ನೂರಕ್ಕೆ ಹತ್ತು ಕೂಡಿಸಿ. ಎರಡೂ ಕಡೆ ಒಂಬತ್ತೇ ಬಳಸುವುದು ಸಾಮಾನ್ಯ ತಪ್ಪು. ಒಂದು ಕಿಲೋಗೆ ಒಂಬತ್ತು ಕೂಡಿಸಿದರೆ 1,090 ಬರುತ್ತದೆ, ನಿಜವಾದ ಉತ್ತರ 1,099. ಒಂದು ಕಿಲೋದಲ್ಲಿ ಇದು ಎರಡು ಚಿಕ್ಕ ಚಮಚದ ವ್ಯತ್ಯಾಸ, ಟಿನ್ ಲೆಕ್ಕಕ್ಕೆ ಬಂದರೆ 130 ಮಿ.ಲೀ. ದಾಟುತ್ತದೆ.

ಬೆಲೆಗೆ ಬಂದಾಗ ಗುಣಿಸುವುದು ಭಾಗಿಸುವುದು ಅದಲುಬದಲಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಲೀಟರಿನ ಬೆಲೆಯಿಂದ ಕಿಲೋ ಬೆಲೆ ತಿಳಿಯಲು 0.91ರಿಂದ ಭಾಗಿಸಬೇಕು. ಕಿಲೋ ಬೆಲೆಯಿಂದ ಲೀಟರಿನ ಬೆಲೆಗೆ ಗುಣಿಸಬೇಕು. ಗಾಣದಲ್ಲಿ ಕಿಲೋ 300 ರೂಪಾಯಿ ಇದ್ದರೆ ಲೀಟರಿಗೆ ಬಿದ್ದದ್ದು 273 ರೂಪಾಯಿ. ಪಕ್ಕದ ಅಂಗಡಿಯಲ್ಲಿ ಲೀಟರ್ 285 ಎಂದು ಬರೆದಿದ್ದರೆ ಕಣ್ಣಿಗೆ ಅದೇ ಅಗ್ಗ, ಕೈಗೆ ಗಾಣದ್ದೇ ಅಗ್ಗ. ಉತ್ತರ ಸರಿಯೇ ಎಂದು ನೋಡಿಕೊಳ್ಳಲು ಒಂದು ದಾರಿ ಇದೆ. ಒಂದು ಲೀಟರ್ ಎಣ್ಣೆಗಿಂತ ಒಂದು ಕಿಲೋ ಎಣ್ಣೆ ಜಾಸ್ತಿ, ಆದ್ದರಿಂದ ಒಂದೇ ಎಣ್ಣೆಯ ಕಿಲೋ ಬೆಲೆ ಲೀಟರ್ ಬೆಲೆಗಿಂತ ದೊಡ್ಡದಾಗಿಯೇ ಬರಬೇಕು. ಚಿಕ್ಕದು ಬಂದಿದ್ದರೆ ಭಾಗಿಸುವ ಕಡೆ ಗುಣಿಸಿದ್ದೀರಿ.

ಎಣ್ಣೆ ಬಿಸಿಯಾದಾಗ

910 ಎಂಬ ಅಂಕಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಎಣ್ಣೆ ಕಾದಷ್ಟೂ ಹಿಗ್ಗುತ್ತದೆ, ಅಂದರೆ ಅದೇ ತೂಕ ಹೆಚ್ಚು ಜಾಗ ಹಿಡಿಯುತ್ತದೆ. ಪ್ರತಿ ಡಿಗ್ರಿಗೆ ಲೀಟರಿನ ತೂಕ ಸುಮಾರು 0.7 ಗ್ರಾಂ ಇಳಿಯುತ್ತದೆ. ಸೋಯಾ ಎಣ್ಣೆಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೇ ಕೊಟ್ಟ ಅಂಕಿಗಳಿವೆ: ಒಂದು ಲೀಟರ್ 21 ಡಿಗ್ರಿಯಲ್ಲಿ 919.1 ಗ್ರಾಂ, 30ರಲ್ಲಿ 913, 40ರಲ್ಲಿ 906.2, 50ರಲ್ಲಿ 899.4, 60ರಲ್ಲಿ 892.6.

ಇಲಾಖೆ ಈ ಅಂಕಿಗಳನ್ನು ಕೊಟ್ಟದ್ದಕ್ಕೆ ಕಾರಣವಿತ್ತು. ಕೆಲವು ಪ್ಯಾಕೆಟ್‌ಗಳಲ್ಲಿ ‘60 ಡಿಗ್ರಿಯಲ್ಲಿ 1 ಲೀಟರ್’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಿತ್ತು. ಬಿಸಿಯಲ್ಲಿ ಅಳೆದ ಆ ಲೀಟರ್ ನಮ್ಮ ಅಡುಗೆಮನೆಗೆ ಬರುವ ಹೊತ್ತಿಗೆ ಕುಗ್ಗಿರುತ್ತದೆ. 60 ಡಿಗ್ರಿಯಲ್ಲಿ ತುಂಬಿದ್ದಕ್ಕೂ 30ರಲ್ಲಿ ತುಂಬಿದ್ದಕ್ಕೂ ಲೀಟರಿಗೆ 20 ಗ್ರಾಂ ವ್ಯತ್ಯಾಸ, 15 ಲೀಟರಿನ ಟಿನ್ನಿನಲ್ಲಿ 300 ಗ್ರಾಂಗೂ ಹೆಚ್ಚು. ಹಾಗಾಗಿ 2022ರಲ್ಲಿ ಇಲಾಖೆ ಒಂದು ಸೂಚನೆ ಹೊರಡಿಸಿತು: ಲೀಟರಿನ ಪಕ್ಕದಲ್ಲಿ ಉಷ್ಣಾಂಶ ಬರೆಯಬೇಡಿ, ಅದರ ಜೊತೆಗೆ ತೂಕವನ್ನೂ ಬರೆಯಿರಿ. ಲೇಬಲ್ ತಿದ್ದಿಕೊಳ್ಳಲು 2023ರ ಜನವರಿ 15ರವರೆಗೆ ಸಮಯ ಕೊಟ್ಟಿತು. ನಿಮ್ಮ ಪ್ಯಾಕೆಟ್ ಮೇಲೆ 1 ಲೀಟರ್, 910 ಗ್ರಾಂ ಎಂದು ಎರಡೂ ಇರುವುದು ಲೀಟರಿನ ಜೊತೆ ತೂಕವನ್ನೂ ಬರೆಯಬೇಕೆಂಬ ನಿಯಮದಿಂದಲೇ. ಎರಡರಲ್ಲಿ ನಂಬಬೇಕಾದದ್ದು ಗ್ರಾಂ. ಬೇಸಿಗೆ ಬಂದರೂ ಚಳಿ ಬಂದರೂ ಅದು ಬದಲಾಗುವುದಿಲ್ಲ.

ಈಗ ಅಂಗಡಿಗಳಲ್ಲಿ ಇನ್ನೊಂದು ಗೊಂದಲ ಸೇರಿಕೊಂಡಿದೆ. 2022ರವರೆಗೆ ಖಾದ್ಯ ತೈಲವನ್ನು ನಿಗದಿ ಮಾಡಿದ ಗಾತ್ರಗಳಲ್ಲೇ ಪ್ಯಾಕ್ ಮಾಡಬೇಕಿತ್ತು. ಆ ಕಟ್ಟು ಸಡಿಲವಾದ ಮೇಲೆ ನೋಡಲು ಲೀಟರ್ ಪ್ಯಾಕೆಟ್‌ನಂತೆಯೇ ಇರುವ 850, 800, 750 ಗ್ರಾಂ ಪ್ಯಾಕೆಟ್‌ಗಳು ಬಂದಿವೆ. 850 ಗ್ರಾಂ ಅಂದರೆ 934 ಮಿ.ಲೀ., 750 ಗ್ರಾಂ ಅಂದರೆ 824 ಮಿ.ಲೀ. ಉದಾಹರಣೆಗೆ 910 ಗ್ರಾಂಗೆ 135 ರೂಪಾಯಿ, 850 ಗ್ರಾಂಗೆ 128 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಮೊದಲನೆಯದು ಕಿಲೋಗೆ 148.35, ಎರಡನೆಯದು 150.59. ಏಳು ರೂಪಾಯಿ ಉಳಿಸಿದೆವು ಎಂದುಕೊಂಡು ಕಿಲೋಗೆ ಎರಡು ರೂಪಾಯಿ ಜಾಸ್ತಿ ತೆತ್ತ ಹಾಗಾಯಿತು. ಎಂಆರ್‌ಪಿ ಪಕ್ಕದಲ್ಲೇ ಗ್ರಾಂಗೆ ಅಥವಾ ಮಿ.ಲೀ.ಗೆ ಇಷ್ಟು ಎಂದು ಯೂನಿಟ್ ಬೆಲೆ ಮುದ್ರಿಸಿರುತ್ತಾರೆ, ಯುಎಸ್‌ಪಿ ಎಂಬ ಮೂರಕ್ಷರದಲ್ಲಿ. ಹೋಲಿಸುವುದಾದರೆ ಅದನ್ನು ಹೋಲಿಸಿ, ಆದರೆ ಒಂದು ಗ್ರಾಂ ಲೆಕ್ಕದಲ್ಲಿ, ಇನ್ನೊಂದು ಮಿ.ಲೀ. ಲೆಕ್ಕದಲ್ಲಿ ಇಲ್ಲವೆಂದು ಮೊದಲು ನೋಡಿಕೊಳ್ಳಿ. ಗ್ರಾಂಗೆ 15 ಪೈಸೆಯೂ ಮಿ.ಲೀ.ಗೆ 15 ಪೈಸೆಯೂ ಒಂದೇ ಬೆಲೆಯಲ್ಲ. ಎರಡನೆಯದೇ ದುಬಾರಿ.

ಪ್ಯಾಕೆಟ್ ತೂಗಿ ನೋಡುವುದಾದರೆ

ಅನುಮಾನವಿದ್ದರೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ತುಂಬಿದ ಪ್ಯಾಕೆಟ್ ತೂಗಿ ಬರೆದಿಟ್ಟುಕೊಳ್ಳಿ. ಎಣ್ಣೆ ಖಾಲಿಯಾದ ಮೇಲೆ ಕವರನ್ನು ಕತ್ತರಿಸಿ, ಸೋಪು ಹಾಕಿ ತೊಳೆದು, ಒಣಗಿಸಿ ಮತ್ತೆ ತೂಗಿ. ತೊಳೆಯದೆ ತೂಗಿದರೆ ಒಳಗೆ ಅಂಟಿಕೊಂಡ ಎಣ್ಣೆಯೂ ಕವರಿನ ತೂಕಕ್ಕೆ ಸೇರಿ, ಕಂಪನಿ ಕಡಿಮೆ ಕೊಟ್ಟಂತೆ ಸುಳ್ಳು ಲೆಕ್ಕ ಬರುತ್ತದೆ. ಮೊದಲ ಅಂಕಿಯಿಂದ ಎರಡನೆಯದನ್ನು ಕಳೆದರೆ ಎಣ್ಣೆಯ ನಿವ್ವಳ ತೂಕ.

ಅದು 903 ಬಂತು ಎಂದಿಟ್ಟುಕೊಳ್ಳಿ. ದೂರು ಕೊಡುವಂಥದ್ದೇನೂ ಆಗಿಲ್ಲ. 500ರಿಂದ 1,000 ಗ್ರಾಂ ತನಕದ ಪ್ಯಾಕೆಟ್‌ಗಳಲ್ಲಿ ಒಂದು ಬಿಡಿ ಪ್ಯಾಕೆಟ್ 15 ಗ್ರಾಂವರೆಗೆ ಕಡಿಮೆ ಬಂದರೆ ಪ್ಯಾಕೇಜ್ ನಿಯಮಗಳು ಒಪ್ಪುತ್ತವೆ. ಇಡೀ ಬ್ಯಾಚಿನ ಸರಾಸರಿ ಮಾತ್ರ ಬರೆದದ್ದಕ್ಕಿಂತ ಕಡಿಮೆ ಇರಬಾರದು. ಬೇರೆ ಬೇರೆ ದಿನ ತಂದ ನಾಲ್ಕೈದು ಪ್ಯಾಕೆಟ್‌ಗಳೂ ಹತ್ತು ಹನ್ನೆರಡು ಗ್ರಾಂ ಕಡಿಮೆಯೇ ಬರುತ್ತಿದ್ದರೆ ಮೊದಲು ನಿಮ್ಮ ತಕ್ಕಡಿಯನ್ನು ನೋಡಿ. ಸ್ಟೀಲ್ ಲೋಟವನ್ನಿಟ್ಟು ಸೊನ್ನೆ ಮಾಡಿ, ಮೆಡಿಕಲ್ ಅಂಗಡಿಯಲ್ಲಿ ಸಿಗುವ 50 ಮಿ.ಲೀ. ಸಿರಿಂಜಿನಿಂದ ನಾಲ್ಕು ಸಲ ನೀರು ಹಾಕಿ. 200 ಗ್ರಾಂ ಹತ್ತಿರ ತೋರಿಸಬೇಕು. ತಕ್ಕಡಿ ಸರಿಯಿದ್ದೂ ಕೊರತೆ ಮುಂದುವರಿದರೆ ತೂಕ, ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಬಿಲ್ಲು, ಕವರು ಎರಡೂ ಇಟ್ಟುಕೊಂಡಿರಿ, ಕವರಿನ ಮೇಲೆ ಬ್ಯಾಚ್ ನಂಬರ್ ಇರುತ್ತದೆ.

ಟಿನ್ನಿನ ಲೆಕ್ಕ

ನಿಮ್ಮ ಗೃಹಪ್ರವೇಶದ ಪ್ರಶ್ನೆಗೆ ಬಂದರೆ, 15 ಲೀಟರ್ ಟಿನ್ನಿನಲ್ಲಿ ಇರುವುದು 13.65 ಕಿಲೋ. 2,100ನ್ನು 13.65ರಿಂದ ಭಾಗಿಸಿದರೆ ಕಿಲೋಗೆ 153.85 ರೂಪಾಯಿ ಬಿತ್ತು. 15 ಕಿಲೋ ಟಿನ್ 2,250 ಅಂದರೆ ಕಿಲೋಗೆ ಸರಿಯಾಗಿ 150. ಕಣ್ಣಿಗೆ 150 ರೂಪಾಯಿ ಅಗ್ಗವೆನಿಸಿದ ಟಿನ್ನೇ ನಿಜದಲ್ಲಿ ದುಬಾರಿ. ಕಿಲೋ ಟಿನ್ನಿನಲ್ಲಿ ನಿಮಗೆ 16.48 ಲೀಟರ್ ಸಿಗುತ್ತದೆ, ಅಂದರೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ಹೆಚ್ಚು. ಆದರೆ ಈ ಎರಡೂ ಟಿನ್ ಒಂದೇ ಜಾತಿಯ ಎಣ್ಣೆಯದ್ದು ಎಂದು ಖಾತ್ರಿ ಮಾಡಿಕೊಳ್ಳಿ. ಪಾಮೋಲಿನ್ ಟಿನ್ನಿಗೂ ಸೂರ್ಯಕಾಂತಿ ಟಿನ್ನಿಗೂ ಬೆಲೆ ಹೋಲಿಸಿ ಪ್ರಯೋಜನವಿಲ್ಲ.

ಅಂಗಡಿಯ ಸಾಲಿನಲ್ಲಿ ಎರಡೂ ಒಂದೇ ಚೌಕ ಡಬ್ಬ, ಒಂದೇ ಎತ್ತರ, ಬಾಯಲ್ಲಿ ಹೇಳುವುದು ‘15ರ ಟಿನ್’ ಎಂದು ಮಾತ್ರ. ಅಡುಗೆ ಭಟ್ಟರು ಸಾಮಾನಿನ ಪಟ್ಟಿಯಲ್ಲಿ ‘ಎಣ್ಣೆ 2 ಟಿನ್’ ಎಂದು ಬರೆದುಕೊಟ್ಟಿದ್ದರೆ ಯಾವ ಟಿನ್ ಎಂದು ಕೇಳಿ. ಅವರು ಕಿಲೋ ಟಿನ್ ಎಂದುಕೊಂಡು ಲೆಕ್ಕ ಹಾಕಿದ್ದು, ನೀವು ಲೀಟರ್ ಟಿನ್ ತಂದರೆ 2.7 ಕಿಲೋ ಕೊರತೆ. ಬೋಂಡ ಅರ್ಧ ಕರಿದಿರುವಾಗ ಅದು ಗೊತ್ತಾಗುತ್ತದೆ.

ಬಾಣಲೆಯ ಮಾತು ಬಂದಿದ್ದರಿಂದ ಇನ್ನೊಂದು. ಕರಿಯುವ ಹದಕ್ಕೆ, ಸುಮಾರು 180 ಡಿಗ್ರಿಗೆ, ಕಾಯುವ ಹೊತ್ತಿಗೆ ಎಣ್ಣೆ ಶೇಕಡ ಹತ್ತಕ್ಕೂ ಹೆಚ್ಚು ಹಿಗ್ಗಿರುತ್ತದೆ. ಐದು ಲೀಟರ್ ಸುರಿದಿದ್ದರೆ ಕಾದಾಗ ಐದೂವರೆ ಲೀಟರಿನ ಜಾಗ ಬೇಕು, ಅದರ ಮೇಲೆ ಹಿಟ್ಟು ಬಿದ್ದಾಗ ಏಳುವ ನೊರೆ ಬೇರೆ. ದೊಡ್ಡ ಬಾಣಲೆಯನ್ನೂ ಅರ್ಧಕ್ಕೆ ನಿಲ್ಲಿಸುವುದು ಇದಕ್ಕಾಗಿ.

ಗಾಣದಲ್ಲಿ ಕೊಳ್ಳುವಾಗ

ಗಾಣದಲ್ಲಿ ತೂಕದಲ್ಲೇ ಕೊಳ್ಳಿ, ಅಳತೆಯಲ್ಲಿ ಬೇಡ. ಆಗಷ್ಟೇ ಇಳಿದ ಎಣ್ಣೆ ಬೆಚ್ಚಗಿರುತ್ತದೆ, ಅದರಲ್ಲಿ ಗಾಳಿಗುಳ್ಳೆಯೂ ಇರುತ್ತದೆ. ಲೀಟರ್ ಅಳತೆಯಲ್ಲಿ ಎರಡೂ ನಿಮಗೆ ನಷ್ಟ. ನಷ್ಟ ದೊಡ್ಡದಲ್ಲ. ಹತ್ತು ಹನ್ನೆರಡು ಡಿಗ್ರಿ ಬೆಚ್ಚಗಿದ್ದರೆ ಲೀಟರಿಗೆ ಏಳೆಂಟು ಗ್ರಾಂ. ಇದಕ್ಕಿಂತ ದೊಡ್ಡ ನಷ್ಟ ಖಾಲಿ ಕ್ಯಾನಿನ ತೂಕ ಕಳೆಯದೆ ಇದ್ದಾಗ ಆಗುತ್ತದೆ. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನನ್ನು ತಕ್ಕಡಿ ಮೇಲಿಟ್ಟು ಅಂಕಿ ಸೊನ್ನೆ ಮಾಡಿಸಿದ ಮೇಲೆ ಎಣ್ಣೆ ಹಾಕಿಸಿ. ಸ್ಟೀಲ್ ಕ್ಯಾನ್ ಒಯ್ದವರು ಇದನ್ನು ಮರೆತರೆ ಸ್ಟೀಲಿಗೂ ಎಣ್ಣೆಯ ಬೆಲೆ ಕೊಟ್ಟಂತೆ. ತಕ್ಕಡಿಗೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿದೆಯೇ ಎಂದೂ ಒಮ್ಮೆ ಕಣ್ಣಾಡಿಸಿ.

ಎರಡನೆಯ ಸಂಗತಿ ಗಸಿ. ಸೋಸದ ಗಾಣದ ಎಣ್ಣೆಯಲ್ಲಿ ಹಿಂಡಿಯ ಪುಡಿ ತೇಲುತ್ತಿರುತ್ತದೆ, ಮೂರು ನಾಲ್ಕು ದಿನ ಅಲುಗಾಡಿಸದೆ ಇಟ್ಟರೆ ತಳಕ್ಕೆ ಕೂರುತ್ತದೆ. ಕೊಳ್ಳುವಾಗ ತೂಗಿದ್ದು ಗಸಿ ಸಮೇತ. ಆದ್ದರಿಂದ ಗಾಣದವರನ್ನು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ತಿಳಿ ಮಾಡಿದ್ದೋ, ಈಗ ಇಳಿದದ್ದೋ’ ಎಂಬುದು. ಎರಡು ಗಾಣದ ಬೆಲೆ ಹೋಲಿಸುವವರು ತಿಳಿ ಎಣ್ಣೆಗೆ ತಿಳಿ ಎಣ್ಣೆಯನ್ನೇ ಹೋಲಿಸಬೇಕು.

ಬೀಜ ಒಯ್ದು ಆಡಿಸಿಕೊಂಡು ಬರುವವರಿಗೆ ಕ್ಯಾನ್ ಎಷ್ಟು ದೊಡ್ಡದು ಬೇಕು ಎಂಬ ಗೊಂದಲ. ಕಡಲೆಬೀಜಕ್ಕೆ ಸುಮಾರಾಗಿ ಎರಡೂವರೆ ಕಿಲೋಗೆ ಒಂದು ಕಿಲೋ ಎಣ್ಣೆ ಎಂದು ಹಿಡಿಯಬಹುದು, ಬೀಜ ಒಣಗಿರುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಹತ್ತು ಕಿಲೋ ಬೀಜಕ್ಕೆ ನಾಲ್ಕು ಕಿಲೋ ಎಣ್ಣೆ, ಅಂದರೆ 4.4 ಲೀಟರ್. ನಾಲ್ಕು ಕಿಲೋ ತಾನೇ ಎಂದು ನಾಲ್ಕು ಲೀಟರಿನ ಕ್ಯಾನ್ ಒಯ್ದರೆ ಕಡೆಯ ಅರ್ಧ ಲೀಟರಿಗೆ ಗಾಣದವರ ಬಾಟಲಿ ಬೇಡಬೇಕಾಗುತ್ತದೆ. ಐದು ಲೀಟರಿನದು ಒಯ್ಯಿರಿ.

ನಿಮ್ಮ ಎಣ್ಣೆಯ ಅಂಕಿ ನೀವೇ ಕಂಡುಕೊಳ್ಳುವುದು

0.91 ಸಾಕು ಎಂದೆ. ಆದರೂ ವ್ಯಾಪಾರಕ್ಕೆ ಚಕ್ಕುಲಿ, ಉಪ್ಪಿನಕಾಯಿ ಮಾಡುವವರಿಗೆ ತಮ್ಮದೇ ಎಣ್ಣೆಯ ಅಂಕಿ ಗೊತ್ತಿದ್ದರೆ ಒಳ್ಳೆಯದು. ಅರ್ಧ ಲೀಟರಿನ ನೀರಿನ ಬಾಟಲಿ ತೆಗೆದುಕೊಂಡು ಕುತ್ತಿಗೆ ಸಣ್ಣದಾಗಿರುವ ಕಡೆ ಪೆನ್ನಿನಿಂದ ಗೆರೆ ಎಳೆಯಿರಿ. ಖಾಲಿ ಬಾಟಲಿ 42 ಗ್ರಾಂ ಬಂತು. ಗೆರೆಯ ತನಕ ನೀರು ಹಾಕಿ ತೂಗಿದರೆ 548, ಅಂದರೆ ನೀರು 506 ಗ್ರಾಂ. ನೀರು ಚೆಲ್ಲಿ ಬಾಟಲಿಯನ್ನು ತಲೆಕೆಳಗು ಮಾಡಿ ಒಂದು ದಿನ ಪೂರ್ತಿ ಒಣಗಿಸಿ. ಈಗ ಅದೇ ಗೆರೆಗೆ ಎಣ್ಣೆ ಹಾಕಿ, ಗುಳ್ಳೆ ಏಳುವುದು ನಿಲ್ಲುವ ತನಕ ಕಾದು, ಮಟ್ಟ ಇಳಿದಿದ್ದರೆ ಸರಿಮಾಡಿ ತೂಗಿ: 504, ಅಂದರೆ ಎಣ್ಣೆ 462 ಗ್ರಾಂ. 462ನ್ನು 506ರಿಂದ ಭಾಗಿಸಿದರೆ 0.913. ನಿಮ್ಮ ಎಣ್ಣೆಯ ಲೀಟರಿಗೆ 913 ಗ್ರಾಂ.

ಗೆರೆಯನ್ನು ಕುತ್ತಿಗೆಯಲ್ಲೇ ಎಳೆಯಲು ಹೇಳಿದ್ದು ಸುಮ್ಮನೆ ಅಲ್ಲ. ಅಗಲವಾದ ಜಾಗದಲ್ಲಿ ಮಟ್ಟ ಒಂದು ಮಿಲಿಮೀಟರ್ ಆಚೀಚೆ ಆದರೆ ಮೂರು ನಾಲ್ಕು ಗ್ರಾಂ ತಪ್ಪುತ್ತದೆ, ಸಣ್ಣ ಕುತ್ತಿಗೆಯಲ್ಲಿ ಅರ್ಧ ಗ್ರಾಂ ಕೂಡ ತಪ್ಪುವುದಿಲ್ಲ. ಇದೇ ಪರೀಕ್ಷೆಯನ್ನು 50 ಮಿ.ಲೀ. ಎಣ್ಣೆಯಲ್ಲಿ ಮಾಡಬೇಡಿ. ಒಂದೊಂದು ಗ್ರಾಂ ಮಾತ್ರ ತೋರಿಸುವ ತಕ್ಕಡಿಯಲ್ಲಿ 50ಕ್ಕೆ ಒಂದು ಗ್ರಾಂ ತಪ್ಪು ಅಂದರೆ ಶೇಕಡ 2, ಎಲ್ಲ ಎಣ್ಣೆಗಳ ನಡುವಿನ ವ್ಯತ್ಯಾಸಕ್ಕಿಂತಲೂ ದೊಡ್ಡದು.

ಇದರಿಂದ ಕಲಬೆರಕೆ ಗೊತ್ತಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಗೊತ್ತಾಗುವುದಿಲ್ಲ. ಹಾಲಿಗೆ ಲ್ಯಾಕ್ಟೋಮೀಟರ್ ಇದ್ದಂತೆ ಎಣ್ಣೆಗೆ ತೂಕದ ಪರೀಕ್ಷೆ ನಡೆಯುವುದಿಲ್ಲ. ಕಡಲೆಕಾಯಿ ಎಣ್ಣೆಗೆ ಅರ್ಧದಷ್ಟು ಪಾಮೋಲಿನ್ ಬೆರೆಸಿದರೂ ಅಂಕಿ 910ರಲ್ಲೇ ಇರುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಬೆಳಕಿನ ವಕ್ರೀಭವನ, ಅಯೋಡಿನ್ ಮೌಲ್ಯ ಮುಂತಾದವನ್ನು ನೋಡುತ್ತಾರೆ.

ಚಮಚ, ಕಪ್ಪು, ಪಾವು

ಅಳತೆ ಚಮಚದ ಸೆಟ್‌ನಲ್ಲಿ ದೊಡ್ಡ ಚಮಚ 15 ಮಿ.ಲೀ., ಚಿಕ್ಕದು 5 ಮಿ.ಲೀ. ದೊಡ್ಡ ಚಮಚ ಎಣ್ಣೆ 13.7 ಗ್ರಾಂ, ಚಿಕ್ಕದು 4.6 ಗ್ರಾಂ. 100 ಗ್ರಾಂ ಎಣ್ಣೆ ಬೇಕೆಂದರೆ ಏಳು ದೊಡ್ಡ ಚಮಚ, ಮೇಲೆ ಒಂದು ಚಿಕ್ಕ ಚಮಚ. 240 ಮಿ.ಲೀ. ಕಪ್ಪಿನಲ್ಲಿ 218 ಗ್ರಾಂ, 200 ಮಿ.ಲೀ. ಕಪ್ಪಿನಲ್ಲಿ 182 ಗ್ರಾಂ. ಊಟದ ಸ್ಟೀಲ್ ಚಮಚಕ್ಕೆ ಈ ಅಂಕಿ ಹೊಂದುವುದಿಲ್ಲ, ಮನೆಗೊಂದು ಗಾತ್ರ. ವೈದ್ಯರು ಒಬ್ಬರಿಗೆ ದಿನಕ್ಕೆ 20 ಗ್ರಾಂ ಎಣ್ಣೆ ಎಂದಿದ್ದರೆ ನಾಲ್ಕು ಜನಕ್ಕೆ 30 ದಿನಕ್ಕೆ 2,400 ಗ್ರಾಂ, ಅಂದರೆ 2.64 ಲೀಟರ್. ಚಮಚ ಎಣಿಸುವುದಕ್ಕಿಂತ ತಿಂಗಳ ಎಣ್ಣೆಯನ್ನು ಬೇರೆ ಡಬ್ಬದಲ್ಲಿ ತೂಗಿಟ್ಟುಕೊಳ್ಳುವುದು ಸುಲಭ.

ಪಾವು, ಸೇರಿನ ಲೆಕ್ಕ ಊರಿಂದೂರಿಗೆ ಬೇರೆ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಸೇರು ಇದ್ದ ನಾಡಿದು. ಅಜ್ಜಿಯ ಕಾಲದ ‘ಒಂದು ಪಾವು ಎಣ್ಣೆ’ ಎಂಬ ಅಳತೆ ಇದ್ದರೆ ಅದೇ ಪಾವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ನೀರು ತುಂಬಿ. ಎಷ್ಟು ಗ್ರಾಂ ನೀರೋ ಅಷ್ಟು ಮಿ.ಲೀ., ಅದನ್ನು 0.91ರಿಂದ ಗುಣಿಸಿದರೆ ಎಣ್ಣೆಯ ಗ್ರಾಂ. ಉತ್ತರ ಕರ್ನಾಟಕದ ಕಡೆಯ ‘ಪಾವ್ ಕಿಲೋ’ ಇದಲ್ಲ, ಅದು ತೂಕದ ಕಾಲು ಕಿಲೋ.

ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಮಿ.ಲೀ. ಎಂಬ ಗುಂಡಿ ಇರುತ್ತದೆ. ಎಣ್ಣೆಗೆ ಅದನ್ನು ಒತ್ತಬೇಡಿ. ಸಾಮಾನ್ಯವಾಗಿ ಅದು ನೀರಿನ ಲೆಕ್ಕ, ಗ್ರಾಂ ಅಂಕಿಗೇ ಮಿ.ಲೀ. ಎಂದು ಹೆಸರು ಬದಲಿಸಿ ತೋರಿಸುತ್ತದೆ. 500 ಮಿ.ಲೀ. ಬೇಕೆಂದು ಅದರಲ್ಲಿ ಅಳೆದರೆ ಪಾತ್ರೆಗೆ ಬೀಳುವುದು 549 ಮಿ.ಲೀ. ಗ್ರಾಂನಲ್ಲೇ ಇಟ್ಟು 455 ಬರುವವರೆಗೆ ಸುರಿಯಿರಿ. ಅಳತೆ ಕಪ್ಪಿಗೆ ಸುರಿದು ಅದರಿಂದ ಪಾತ್ರೆಗೆ ಬಗ್ಗಿಸುವುದಕ್ಕಿಂತ ಪಾತ್ರೆಯನ್ನೇ ತಕ್ಕಡಿ ಮೇಲಿಟ್ಟು ಸುರಿಯುವುದು ಮೇಲು, ಕಪ್ಪಿಗೆ ಎಣ್ಣೆ ಅಂಟಿಕೊಂಡು ಕಡಿಮೆ ಬೀಳುವುದಿಲ್ಲ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದಾಗ ಚಮಚದ ಲೆಕ್ಕ ಪೂರ್ತಿ ಕೈಕೊಡುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಕೆರೆದು ತೆಗೆದ ಚಮಚದೊಳಗೆ ಗಾಳಿಯ ಸಂದು ಉಳಿಯುತ್ತದೆ, ಮೇಲೆ ಗೋಪುರವೂ ಏಳುತ್ತದೆ. ಒಂದೋ ಬಿಸಿನೀರಲ್ಲಿ ಬಾಟಲಿ ಇಟ್ಟು ಕರಗಿಸಿ ಅಳೆಯಿರಿ, ಇಲ್ಲವೇ ಗಟ್ಟಿಯನ್ನೇ ತೂಗಿ.

ಕೇಕಿಗೆ ಬೆಣ್ಣೆ ಬದಲು ಎಣ್ಣೆ ಹಾಕುವವರು 100 ಗ್ರಾಂ ಬೆಣ್ಣೆಗೆ 100 ಮಿ.ಲೀ. ಎಣ್ಣೆ ಹಾಕಿ ಜಿಡ್ಡಾಯಿತು ಎನ್ನುತ್ತಾರೆ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಸುಮಾರು ಶೇಕಡ 80, ಉಳಿದದ್ದರಲ್ಲಿ ಹೆಚ್ಚಿನದು ನೀರು. 100 ಗ್ರಾಂ ಬೆಣ್ಣೆಗೆ ಸಮ 80 ಗ್ರಾಂ ಎಣ್ಣೆ, ಅಂದರೆ 88 ಮಿ.ಲೀ., ಜೊತೆಗೆ ಒಂದು ದೊಡ್ಡ ಚಮಚ ಹಾಲು. ತುಪ್ಪದ ಬದಲಿಗೆ ಎಣ್ಣೆಯಾದರೆ ತೂಕಕ್ಕೆ ತೂಕ ಸರಿ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿ.ಲೀ. ಅಮೆರಿಕದ ಬಾಟಲಿಯ ಮೇಲಿನ ಫ್ಲೂಯಿಡ್ ಔನ್ಸ್ ಜಾಗದ ಅಳತೆ, 29.6 ಮಿ.ಲೀ. ಬರೀ ಔನ್ಸ್ ತೂಕದ ಅಳತೆ, 28.35 ಗ್ರಾಂ. 48 ಫ್ಲೂಯಿಡ್ ಔನ್ಸ್ ಬಾಟಲಿ ಅಂದರೆ 1.42 ಲೀಟರ್, ಸುಮಾರು 1.3 ಕಿಲೋ ಎಣ್ಣೆ.

ಇನ್ನು ನಿಮ್ಮ ಉಪ್ಪಿನಕಾಯಿ. 250 ಗ್ರಾಂ ಒಳ್ಳೆಣ್ಣೆ ಅಂದರೆ ಸುಮಾರು 275 ಮಿ.ಲೀ. ತಕ್ಕಡಿ ಇಲ್ಲದಿದ್ದರೆ 18 ದೊಡ್ಡ ಚಮಚ, ಮೇಲೊಂದು ಚಿಕ್ಕ ಚಮಚ. ಎಣ್ಣೆಯನ್ನು ಕಾಯಿಸುವ ಮೊದಲೇ ಅಳೆಯಿರಿ. ಹೊಗೆಯಾಡುವ ಎಣ್ಣೆಯನ್ನು ಅದೇ ಚಮಚದಿಂದ ಅಳೆದರೆ ಹಿಗ್ಗಿರುವುದರಿಂದ ತೂಕ ಹತ್ತರಲ್ಲೊಂದು ಪಾಲು ಕಡಿಮೆ ಬೀಳುತ್ತದೆ. 250 ಮಿ.ಲೀ. ಬಾಟಲಿಯ ಗೆರೆ ನೋಡಿ ಹಾಕಿದರೂ 22 ಗ್ರಾಂ ಕಡಿಮೆಯೇ. ಉಪ್ಪಿನಕಾಯಿಯಲ್ಲಿ ಈ ಕೊರತೆ ರುಚಿಯಲ್ಲಿ ಗೊತ್ತಾಗುವುದಿಲ್ಲ, ಜಾಡಿಯಲ್ಲಿ ಗೊತ್ತಾಗುತ್ತದೆ: ನಾಲ್ಕನೇ ದಿನ ಹೋಳು ಕುಸಿದ ಮೇಲೆ ಎಣ್ಣೆ ಅರ್ಧ ಬೆರಳಿನಷ್ಟು ಮೇಲೆ ನಿಂತಿರಬೇಕು. ಹೋಳು ಹೊರಗೆ ಕಾಣುತ್ತಿದ್ದರೆ ಅಲ್ಲಿಂದಲೇ ಬೂಸ್ಟು ಶುರು. ಆಗ ಇನ್ನೈದಾರು ಚಮಚ ಒಳ್ಳೆಣ್ಣೆ ಕಾಯಿಸಿ, ಪೂರ್ತಿ ಆರಿಸಿ, ಒಣಗಿದ ಸೌಟಿನಲ್ಲಿ ಮೇಲಿಂದ ಹಾಕಿ.